ಕಾವಲುಗಾರನ ದೋಣಿ

"ಗುರುಗಳೇ, ನಂಬಿ ಬಂದವರನ್ನು ಹೊಡೆದು ಓಡಿಸುವುದಕ್ಕಿಂತ ದೊಡ್ಡ ಪಾಪ ಇದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಕಡಲ ದಡದಲ್ಲಿ ಒಬ್ಬ ಮೀನುಗಾರನಿದ್ದ. ಬಲೆ ಎಳೆದ ಮೇಲೆ, ಮಾರಲು ಬಾರದ ಸಣ್ಣ ಮೀನನ್ನು ಅವನು ನೀರಿಗೇ ಚೆಲ್ಲುತ್ತಿದ್ದ. ದೇವರು ಕೊಟ್ಟದ್ದರಲ್ಲಿ ಕಡಲಿನ ಪ್ರಾಣಿ ಪಕ್ಷಿಗಳಿಗೂ ಪಾಲಿದೆ ಎನ್ನುತ್ತಿದ್ದ. ಹಾಗಾಗಿ ಅವನ ದೋಣಿಯ ಸದ್ದು ಕೇಳಿದರೆ ಸಾಕು, ಕಡಲಹಕ್ಕಿಗಳು ಮೇಲೆ ಸುತ್ತುತ್ತಿದ್ದವು, ಡಾಲ್ಫಿನ್‌ಗಳು ಪಕ್ಕದಲ್ಲೇ ಈಜುತ್ತಿದ್ದವು. "ನಿನ್ನ ನೆಂಟರು ಊಟಕ್ಕೆ ಬಂದರು, ಎಲೆ ಹಾಕೋ" ಎಂದು ಬೇರೆ ದೋಣಿಯವರು ನಗುತ್ತಿದ್ದರು. ಅವನಿಗೆ ಅದು ಹೆಮ್ಮೆ. ಆ ವರ್ಷ ಒಂದು ತಾಯಿ ಡಾಲ್ಫಿನ್ ತನ್ನ ಮರಿಯನ್ನೂ ಕರೆತಂದಿತ್ತು.

ಮುಂದೆ ಆ ಕಡಲಿನಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರಗಳನ್ನು ನೆಡಲು ಜನ ಬಂದರು. ಕಂಬಗಳನ್ನು ಕಡಲ ತಳಕ್ಕೆ ಬಡಿದು ಇಳಿಸಬೇಕು. ಆ ಬಡಿತವನ್ನು ಹತ್ತಿರದಿಂದ ಕೇಳಿದ ಡಾಲ್ಫಿನ್ನಿನ ಕಿವಿ ಹೋಗುತ್ತದೆ. ಕಿವಿ ಹೋದರೆ ಅದು ಬದುಕುವುದಿಲ್ಲ. ಅದಕ್ಕೆ ಕಾವಲು ಇಟ್ಟರು. ಡಾಲ್ಫಿನ್ ಕಂಡರೆ ಕಾವಲುಗಾರ ಕೆಂಪು ಬಾವುಟ ಎತ್ತಬೇಕು, ಬಡಿತ ನಿಲ್ಲಬೇಕು. ಮೊದಲೇ ನೆಟ್ಟು ಆಗಲೇ ತಿರುಗುತ್ತಿದ್ದ ಯಂತ್ರಗಳ ಕಡೆಗೆ ಹಕ್ಕಿಗಳ ಹಿಂಡು ಬಂದರೂ ಬಾವುಟ ಏರಬೇಕು, ಯಂತ್ರ ನಿಲ್ಲಬೇಕು. ನನ್ನವರನ್ನು ನಾನಲ್ಲದೆ ಇನ್ಯಾರು ಕಾಯಬೇಕು ಎಂದು ಮೀನುಗಾರ ತಾನೇ ಆ ಕೆಲಸ ಕೇಳಿ ಪಡೆದ.

ಅವನು ತನ್ನ ದೋಣಿಯಲ್ಲಿ ಕಾವಲಿಗೆ ಹೋದ ದಿನವೆಲ್ಲ ಬಾವುಟ ಏರುತ್ತಿತ್ತು. ಒಂದು ದಿನ ಮೇಲ್ವಿಚಾರಕ ಹೇಳಿದ: "ಏನಣ್ಣ, ಬೇರೆಯವರ ಕಾವಲಿನಲ್ಲಿ ಒಂದೂ ಸುಳಿಯುವುದಿಲ್ಲ. ನೀನು ಬಂದರೆ ಮಾತ್ರ ಮೆರವಣಿಗೆ!"

"ಅವರಿಗೆ ಕಣ್ಣಿಲ್ಲ ಸ್ವಾಮಿ, ನನಗಿದೆ" ಎಂದ ಮೀನುಗಾರ.

ಒಂದು ಮಧ್ಯಾಹ್ನ ಗಾಳಿ ಎದ್ದು ನೀರೆಲ್ಲ ನೊರೆಯಾಯಿತು. ಯಾವುದು ಅಲೆ, ಯಾವುದು ಡಾಲ್ಫಿನ್ನಿನ ಬೆನ್ನು ಎಂದು ಅವನಿಗೆ ತಿಳಿಯಲಿಲ್ಲ. ಬಾವುಟ ಏರಲಿಲ್ಲ. ಬಡಿತ ನಡೆಯಿತು.

ಮರುದಿನ ಬೆಳಿಗ್ಗೆ ತಾಯಿ ಬಂತು. ಸತ್ತ ಮರಿಯನ್ನು ಮೂತಿಯಿಂದ ಎತ್ತಿ ಎತ್ತಿ ಹಿಡಿಯುತ್ತ, ನೇರವಾಗಿ ಅವನ ದೋಣಿಯ ಬಳಿಗೇ ಬಂತು. ಅವನು ಏನಾದರೂ ಮಾಡಿಯಾನು ಎಂಬಂತೆ ಅಲ್ಲೇ ನಿಂತಿತು.

ಆಗ ಅವನಿಗೆ ಹೊಳೆಯಿತು. ಅವು ಕಂಬದ ಬಳಿಗೆ ಬರುತ್ತಿರಲಿಲ್ಲ, ತನ್ನ ಬಳಿಗೆ ಬರುತ್ತಿದ್ದವು. ಇನ್ನು ಕೆಲಸ ಬಿಟ್ಟರೂ ಪ್ರಯೋಜನವಿರಲಿಲ್ಲ. ಅವನಿಲ್ಲದಿದ್ದರೂ ಅವನನ್ನು ಹುಡುಕಿ ಕಂಬಗಳ ಬಳಿಗೆ ಬರುವುದನ್ನು ಅವು ಈಗ ಕಲಿತಾಗಿತ್ತು. ತಾಯಿಯ ಹಿಂದೆಯೇ ಉಳಿದ ಡಾಲ್ಫಿನ್‌ಗಳೂ ಬಂದವು. ಅವನು ಅಳುತ್ತಲೇ ಹುಟ್ಟುಗೋಲಿನಿಂದ ನೀರನ್ನು ಬಡಿದ. ದೋಣಿಯ ಭಾರಕ್ಕೆಂದು ಇಟ್ಟ ಕಲ್ಲುಗಳನ್ನು ಎಸೆದ. ಒಂದು ಕಲ್ಲು ತಾಯಿಯ ಬೆನ್ನಿಗೇ ಬಿತ್ತು. ಅದು ಒಮ್ಮೆ ಅವನನ್ನು ನೋಡಿ, ಮರಿಯನ್ನು ಮತ್ತೆ ಎತ್ತಿಕೊಂಡು ಆಳದ ಕಡೆಗೆ ತಿರುಗಿತು. ಉಳಿದವೂ ಹಿಂದೆ ಹೋದವು. ಆಮೇಲೆ ಅವನ ಬಾವುಟ ಏರಲೇ ಇಲ್ಲ. "ಈಗ ನೋಡು, ಕೆಲಸ ಸಲೀಸು" ಎಂದು ಮೇಲ್ವಿಚಾರಕ ಅವನ ಬೆನ್ನು ತಟ್ಟಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: "ಅವು ಮತ್ತೆ ಬರಲೇ ಇಲ್ಲವೇ?"

"ಇಲ್ಲ. ಬರದಿರಲಿ ಎಂದು ಅವನು ದಿನವೂ ದೇವರಿಗೆ ದೀಪ ಹಚ್ಚುತ್ತಾನೆ. ಬಂದಾವೇನೋ ಎಂದು ದಡಕ್ಕೆ ಹೋಗಿ ಕೂರುತ್ತಾನೆ."