ಎತ್ತಿನ ಹಣೆಯ ಮಚ್ಚೆ

"ಗುರುಗಳೇ, ನಾನು ಕಟ್ಟಿದ ಪಾತ್ರವನ್ನು ಯಾರೂ ಏಕೆ ನಂಬುವುದಿಲ್ಲ?" ಎಂದು ಶಿಷ್ಯ ಕೇಳಿದ.

ಆ ಗುರುಗಳು ಕತೆಯಾಟ ಕಲಿಸುವವರು. ಕತೆಯಾಟದಲ್ಲಿ ಬರೆದಿಟ್ಟ ಮಾತು ಇರುವುದಿಲ್ಲ. ಐದಾರು ಜನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಆ ಗಳಿಗೆಗೆ ಹೊಳೆದ ಮಾತಿನಲ್ಲೇ ಕತೆ ನಡೆಸಬೇಕು. ಶಿಷ್ಯನದು ಅಂಬಿಗನ ಪಾತ್ರ. ಹಿಂದಿನ ದಿನ ಅಂಬಿಗ ಬಾಯಿ ತೆರೆದಾಗಲೆಲ್ಲ ಜೊತೆಯವರು ಆಕಳಿಸಿದ್ದರು. ಮುಂದಿನ ಆಟದಲ್ಲಿ ಅವನನ್ನು ಹೊಳೆಯಲ್ಲಿ ಮುಳುಗಿಸಿಬಿಟ್ಟು ಕತೆ ಮುಂದುವರಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಶಿಷ್ಯನಿಗೆ ಅಳುವೇ ಬಂದಿತ್ತು.

"ನಿನ್ನ ಅಂಬಿಗ ಎಂಥವನು?" ಎಂದರು ಗುರುಗಳು.

"ಅವನ ವಿಷಯದಲ್ಲಿ ನನಗೆ ತಿಳಿಯದ್ದು ಒಂದೂ ಇಲ್ಲ. ವಯಸ್ಸು ಐವತ್ತು ದಾಟಿದೆ. ಎಡಗೈಯಲ್ಲಿ ಹಗ್ಗ ಉಜ್ಜಿದ ಕಲೆ. ಸಿಟ್ಟು ಮೂಗಿನ ತುದಿಯಲ್ಲಿ. ಬೆಲ್ಲವೆಂದರೆ ಪ್ರಾಣ, ಹಾವೆಂದರೆ ಭಯ. ಮಾತಿಗೊಮ್ಮೆ 'ಎಲ್ಲಾ ಹೊಳೆಗೆ ಗೊತ್ತು' ಎನ್ನುತ್ತಾನೆ. ಅವನ ತಾತನ ಹೆಸರೂ ನನಗೆ ಗೊತ್ತು. ಇನ್ನೇನು ಬೇಕೆಂದೇ ತಿಳಿಯುತ್ತಿಲ್ಲ. ತಲೆ ಗಿರ್ರೆನ್ನುತ್ತಿದೆ."

"ತಾತನ ಹೆಸರೂ ಗೊತ್ತೇ! ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲವಪ್ಪ" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಹಗಲುವೇಷದವನಿದ್ದ. ಊರಿಂದೂರಿಗೆ ಹೋಗಿ, ದಿನಕ್ಕೊಂದು ವೇಷ ಕಟ್ಟಿ, ಹಗಲು ಬೆಳಕಿನಲ್ಲೇ ಬೀದಿ ಸುತ್ತಿ ಆಡುವವನು. ಒಂದು ಊರಿನಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ದಿನ ಅವನು ಮುಖದ ಬಣ್ಣ ತೊಳೆದು, ಯಾರಿಗೂ ಹೇಳದೆ, ಸಾಮಾನ್ಯ ಮನುಷ್ಯನ ವೇಷದಲ್ಲಿ ಊರೊಳಗೆ ಬರಬೇಕು. ಹೊತ್ತು ಮುಳುಗುವವರೆಗೆ ಗುರುತು ಸಿಗದಿದ್ದರೆ ಕಾಳಿನ ಜೊತೆಗೆ ಶಾಲು. ಸಿಕ್ಕಿಬಿದ್ದರೆ ಬರೀ ಕಾಳು, ಮೇಲೊಂದಿಷ್ಟು ನಗೆ. ಆ ಊರಿನವರ ಕಣ್ಣು ಬಲು ಚುರುಕು. ಅವನ ಅಪ್ಪನೂ ಅಲ್ಲಿ ಸಿಕ್ಕಿಬಿದ್ದಿದ್ದ, ಅಜ್ಜನೂ ಸಿಕ್ಕಿಬಿದ್ದಿದ್ದ. ಆ ಶಾಲು ಅವರ ಮನೆಗೆ ಒಮ್ಮೆಯೂ ಬಂದಿರಲಿಲ್ಲ.

ಕೊನೆಯ ದಿನದ ಹಿಂದಿನ ಸಂಜೆ ಅವನು ಬಿಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿಯ ಮುಂದೆ ಹಾದುಹೋದ. ಒಳಗೆ ಯಾರದೋ ಎತ್ತೊಂದು ನಿಂತಿತ್ತು. ಅವನಿಗೆ ವೇಷ ಹೊಳೆಯಿತು. ಬಾಗಿಲ ಸಂದಿಯಿಂದ ಎತ್ತನ್ನು ಚೆನ್ನಾಗಿ ನೋಡಿಕೊಂಡ.

ಬೆಳಗ್ಗೆ ಒಬ್ಬ ರೈತ ಚಾವಡಿಗೆ ಓಡುತ್ತ ಬಂದು ಗೌಡನ ಮುಂದೆ ಕುಸಿದು ಕುಳಿತ. "ಗೌಡ್ರೇ, ನನ್ನ ಎತ್ತು ತಪ್ಪಿಸ್ಕೊಂಡೈತೆ. ಬಿಳೀ ಎತ್ತು. ಬಲಗೊಂಬು ಒಳಕ್ಕೆ ಬಾಗೈತೆ. ಹಣೆ ನಡುವೆ ಕಾಸಿನಗಲ ಕಪ್ಪು ಮಚ್ಚೆ. ಮೂಗುದಾರ ಕೆಂಪು. ಹೆಸರು ಚೆಲುವರಾಯ. ಕರೆದ್ರೆ ಕಿವಿ ಆಡಿಸ್ತಾನೆ" ಎಂದು ಅತ್ತ. ಕಣ್ಣೀರು ಗಡ್ಡದವರೆಗೂ ಇಳಿಯಿತು.

ಜನ ದೊಡ್ಡಿಗೆ ಹೋಗಿ ನೋಡಿದರು. ಒಂದು ಗುರುತೂ ತಪ್ಪಿರಲಿಲ್ಲ. 'ಚೆಲುವರಾಯ' ಎಂದು ಕರೆದರೆ ಎತ್ತು ಕಿವಿಯನ್ನೂ ಆಡಿಸಿತು. ಯಾವ ಎತ್ತು ತಾನೇ ಕಿವಿ ಆಡಿಸುವುದಿಲ್ಲ? ಎತ್ತನ್ನು ತಂದು ಚಾವಡಿಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದರು. ವೇಷದವನಿಗೆ ಮಜ್ಜಿಗೆ ಕೊಟ್ಟರು. ಅವನಿಗೆ ಆಕಾಶ ಮೂರೇ ಗೇಣು. ಬಿಸಿಲು ಇಳಿದ ಮೇಲೆ ಹೋಗುತ್ತೇನೆ ಎಂದು ನೆಪ ಹೇಳಿ ಕುಳಿತ. ಹೊತ್ತು ಮುಳುಗಿದರೆ ನಿಜ ಹೇಳಿ, ಎತ್ತನ್ನು ದೊಡ್ಡಿಗೆ ಬಿಟ್ಟು, ಶಾಲು ಹೊದ್ದು ಮನೆಗೆ ಹೋಗುವುದು ಅವನ ಯೋಚನೆ.

ಮಧ್ಯಾಹ್ನ ಇನ್ನೊಬ್ಬ ರೈತ ಬಂದ. ಕಾಲಿನ ತುಂಬ ಕೆಸರು. ಅವನು ಅಳಲಿಲ್ಲ.

"ಒಂದು ಎತ್ತು ಈ ಕಡೆ ಬಂತಾ, ಸ್ವಾಮಿ? ನೆಲದ ಹದ ಆರ್ತಾ ಐತೆ, ಇವತ್ತೋ ನಾಳೆಯೋ ಬಿತ್ತಬೇಕು. ಜೊತೆ ಎತ್ತು ಮನೇಲಿ ಮೇವು ಮುಟ್ಟಿಲ್ಲ."

ಗೌಡ ಜನರ ಕಡೆ ನೋಡಿ ಕಣ್ಣು ಮಿಟುಕಿಸಿದ. ವೇಷದವನು ಇವತ್ತು ಬರಬೇಕೆಂದು ಎಲ್ಲರಿಗೂ ಗೊತ್ತಿತ್ತು.

"ಬಣ್ಣ ಯಾವುದಪ್ಪ?"

"ಬಿಳಿ. ಮೈ ತೊಳೆದಾಗ."

"ಕೊಂಬು?"

"ಎರಡೈತೆ."

ಜನ ನಕ್ಕರು. "ಯಾವ ಕೊಂಬು ಬಾಗೈತೆ ಹೇಳು" ಎಂದ ಗೌಡ. ರೈತ ಯೋಚಿಸಿದ. ಬಲ ಎಂದ, ಅಲ್ಲ ಎಡ ಎಂದ. ಗೌಡನಿಗೆ ಬೆನ್ನು ತಿರುಗಿಸಿ ನಿಂತು, ಮುಂದೆ ಎತ್ತು ಇದೆಯೆಂಬಂತೆ ಎರಡು ಕೈಯನ್ನೂ ಚಾಚಿ ನೋಡಿದ. ಆಗಲೂ ಅವನಿಗೆ ಖಾತ್ರಿಯಾಗಲಿಲ್ಲ.

"ಹಣೇಲಿ ಮಚ್ಚೆ ಐತಾ?"

"ಇರಬೋದು."

"ನಿನ್ನ ಎತ್ತಿನ ಹಣೆ ನೀನೇ ನೋಡಿಲ್ವೇನಯ್ಯ?"

"ಮೇವು ಹಾಕೋದು ಮನೆಯೋಳು. ನಾನು ದಿನಾ ಅದರ ಹಿಂದೆ ನಡೆಯೋನು."

"ಹೆಸರಾದ್ರೂ ಹೇಳು."

"ಹೆಸರಾ? ಎತ್ತು ಅಂತೀವಿ."

ಊರಿಗೆ ಊರೇ ಚಪ್ಪಾಳೆ ತಟ್ಟಿತು. "ಸಿಕ್ಕಿಬಿದ್ದ ವೇಷದೋನು!" ಎಂದರು. ಮೊರದ ತುಂಬ ಕಾಳು ತಂದು ಅವನ ಟವೆಲಿಗೆ ಸುರಿದರು. ಅವನು ಕಾಳಿನ ಗಂಟು ಹಿಡಿದು ಇಂಗು ತಿಂದ ಮಂಗನಂತೆ ನಿಂತ. "ಕಾಳು ಯಾಕೆ? ನಾನು ಕೇಳಿದ್ದು ಎತ್ತು" ಎಂದ. ಅದಕ್ಕೂ ಚಪ್ಪಾಳೆ ಬಿತ್ತು.

ಮೂಲೆಯಲ್ಲಿ ಕುಳಿತಿದ್ದ ವೇಷದವನಿಗೆ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಇವನು ಬೇರೆ ಮೇಳದಿಂದ ಬಂದವನು, ನನ್ನ ಊರು ಕಸಿಯಲು ಬಂದಿದ್ದಾನೆ ಎಂದುಕೊಂಡ. ಜೊತೆಗೆ ಅವನ ಕಸುಬಿಗೆ ತಲೆದೂಗಿದ. ಹಣೆ ನೋಡಿಲ್ಲವಂತೆ! ಹಾಗೆ ಹೇಳಬಹುದೆಂದು ನನಗೇಕೆ ಹೊಳೆಯಲಿಲ್ಲ ಎಂದು ಕೈ ಹಿಸುಕಿಕೊಂಡ. ನೋಡು, ಅಸಲು ಯಾವುದೆಂದು ಊರಿಗೂ ತಿಳಿಯಲಿಲ್ಲ, ಕಸುಬಿನವನಿಗೂ ತಿಳಿಯಲಿಲ್ಲ.

ಆಗ ಚಾವಡಿಯ ಹಿಂದೆ ಎತ್ತು ಉಸಿರು ಬಿಟ್ಟ ಸದ್ದಾಯಿತು. ರೈತ ಅಲ್ಲಿಗೆ ಹೋದ. ಜನವೂ ಹೋದರು. ಅವನು ಎತ್ತನ್ನು ಹಿಂದಿನಿಂದ ನೋಡಿದ.

"ನಂದೇ ಇದು" ಎಂದ.

"ನಿನ್ನ ಆಟ ಮುಗೀತಲ್ಲಯ್ಯ" ಎಂದ ಗೌಡ. "ಇದು ಇವನ ಎತ್ತು. ಒಂದೊಂದು ಗುರುತೂ ಸರಿಯಾಗಿ ಹೇಳಿದ್ದಾನೆ. ಹೆಸರು ಚೆಲುವರಾಯ."

ರೈತ ಎತ್ತನ್ನು ನೋಡಿದ, ವೇಷದವನನ್ನು ನೋಡಿದ, ಸುತ್ತ ನಿಂತ ಜನರನ್ನು ನೋಡಿದ. ಇಷ್ಟು ಜನ ಒಂದೇ ಮಾತು ಹೇಳಿದರೆ ಬಡವ ಏನು ಮಾಡಬೇಕು? ಅವನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. "ನನ್ನದಕ್ಕೆ ಹೆಸರಿಲ್ಲ. ಹಂಗಾದ್ರೆ ನಿಮ್ದೇ ಇರಬೇಕು" ಎಂದು ಕಾಳಿನ ಗಂಟನ್ನು ಕೆಳಗಿಟ್ಟು ಹೊರಟ. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ವೇಷದವನ ಹತ್ತಿರ ಬಂದ.

"ಅಣ್ಣಾ, ಹೆಗಲಿನ ಮಡಿಕೆಯೊಳಗೆ ನೊಗದ ಹುಣ್ಣೈತೆ. ಹೊಂಗೆ ಎಣ್ಣೆ ಹಚ್ಚು. ಎಡಗಡೆಯಿಂದ ಮುಟ್ಟಬ್ಯಾಡ, ಹೆದರುತ್ತೆ."

ಗೌಡ ಬಲಗಡೆಯಿಂದ ಹೋಗಿ ಹೆಗಲಿನ ಮಡಿಕೆ ಬಿಡಿಸಿದ. ಹುಣ್ಣಿತ್ತು. ಯಾರೂ ನಗಲಿಲ್ಲ.

ವೇಷದವನು ಮುಂದೆ ಬಂದ. ಹೊತ್ತು ಇನ್ನೂ ಮುಳುಗಿರಲಿಲ್ಲ. "ಗೌಡ್ರೇ, ವೇಷದೋನು ನಾನು" ಎಂದ. ಗೌಡನಿಗೆ ತಲೆ ಕೆಟ್ಟುಹೋಯಿತು. "ಇವನೂ ವೇಷದವನು, ನೀನೂ ವೇಷದವನು, ಹಂಗಾದ್ರೆ ಎತ್ತು ನಿಜವಾ, ಅದೂ ವೇಷವಾ?" ಎಂದು ಕಿರುಚಿದ. ವೇಷದವನು ನಿನ್ನೆ ಬಳೆಗಾರನ ವೇಷದಲ್ಲಿ ಬೀದಿಬೀದಿಯಲ್ಲಿ ಕೂಗಿದ್ದ ಕೂಗನ್ನು ಅಲ್ಲೇ ಕೂಗಿದ. ಜನರಿಗೆ ದನಿಯ ಗುರುತು ಸಿಕ್ಕಿತು. ಎತ್ತು ರೈತನ ಕೈಗೆ ಬಂತು.

ವೇಷದವನಿಗೆ ಶಾಲು ಸಿಗಲಿಲ್ಲ, ಕಾಳು ಸಿಕ್ಕಿತು. ಅವನು ಅದನ್ನು ತೆಗೆದುಕೊಂಡ. ಹೊಟ್ಟೆ ಕೇಳಬೇಕಲ್ಲ. ಗಂಟು ಹೊತ್ತು ರೈತನ ಜೊತೆ ಊರ ಬಾಗಿಲವರೆಗೆ ನಡೆದ. ಅಲ್ಲಿ, "ನಿನ್ನ ಎತ್ತಿನ ಹಣೇಲಿ ಮಚ್ಚೆ ಐತೆ, ನೋಡು" ಎಂದ. ರೈತ ಮುಂದಕ್ಕೆ ಹೋಗಿ ನೋಡಿದ. "ಹೌದಲ್ಲ!" ಎಂದು ನಕ್ಕ. ಆಮೇಲೆ ಮತ್ತೆ ಹಿಂದಕ್ಕೆ ಬಂದು, ಎತ್ತು ಹೊಡೆದುಕೊಂಡು ಹೊಲದ ಕಡೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಮೊದಲಿಗಿಂತ ಗೋಜಲಾಗಿತ್ತು.

"ಗುರುಗಳೇ, ನನಗೆ ಇನ್ನೂ ಗೊಂದಲವಾಯಿತು. ಗುರುತು ಹೇಳಿದವನನ್ನು ಊರು ನಂಬಿತಲ್ಲ? ನಾನೂ ಗುರುತುಗಳನ್ನೇ ಅಲ್ಲವೇ ಹೇಳುತ್ತಿರುವುದು?"

"ನಂಬಿತು, ಎತ್ತು ಕಳೆದುಕೊಂಡವನು ಹುಣ್ಣಿನ ಮಾತು ಹೇಳುವವರೆಗೆ" ಎಂದರು ಗುರುಗಳು.

ಶಿಷ್ಯ ತನ್ನ ಅಂಬಿಗನನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತಡಕಿದ. ಕಲೆ ಇತ್ತು, ಸಿಟ್ಟು ಇತ್ತು, ಬೆಲ್ಲ ಇತ್ತು, ತಾತನೂ ಇದ್ದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗುರುಗಳು ಕೇಳಿದರು:

"ನಿನ್ನ ಅಂಬಿಗನ ಹತ್ತಿರ ಏನೇನಿದೆ ಎಂದು ಎಲ್ಲ ಹೇಳಿದೆ, ಅವನು ಕಳೆದುಕೊಂಡಿರುವುದು ಏನಪ್ಪ?"