ಉಸಿರು ಕಟ್ಟಿ ನುಡಿಸಿದ್ದು

ಹೊಳೆದಡದ ಮನೆಯಲ್ಲಿ ಪಿಯಾನೋ ಕಲಿಸುತ್ತಿದ್ದ ಮಾರ್ಸೆಲ್ ಮಾಸ್ತರರ ಬಳಿಗೆ ಶಿಷ್ಯೆ ಜೆನಿಟಾ ಫೋನು ಹಿಡಿದುಕೊಂಡು ಬಂದಳು. ಮುಖ ಬಾಡಿತ್ತು.

ಸಂಗೀತ ಕಾಲೇಜಿನವರು ಅವಳು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಲು ಹೇಳಿದ್ದರು. ಇವತ್ತು ಸಂಜೆಯೊಳಗೆ ಕಳಿಸದಿದ್ದರೆ ಸೀಟಿನ ಆಸೆ ಬಿಡಬೇಕು. ಸ್ಟುಡಿಯೋ ಅವಳ ಕೈಗೆಟುಕುವ ಮಾತಲ್ಲ. ಮನೆಯಲ್ಲೇ ಬಿಸ್ಕತ್ತಿನ ಡಬ್ಬದ ಮೇಲೆ ಫೋನು ನಿಲ್ಲಿಸಿ ವಾರವಿಡೀ ಒದ್ದಾಡಿದ್ದಳು.

"ಎಂತ ಆಯ್ತು?" ಎಂದರು ಮಾಸ್ತರರು.

"ಗೊತ್ತಾಗ್ತಾ ಇಲ್ಲ ಮಾಸ್ಟ್ರೇ. ಮೊದಲು ಫ್ಯಾನಿನ ಸದ್ದು ಕೇಳ್ತಿತ್ತು. ಆಫ್ ಮಾಡಿದೆ."

"ಆಮೇಲೆ?"

"ಗಡಿಯಾರದ್ದು ಕೇಳ್ಲಿಕ್ಕೆ ಶುರುವಾಯ್ತು. ಸೆಲ್ ತೆಗೆದೆ. ಆಗ ಫ್ರಿಜ್ಜಿನದ್ದು. ಅದನ್ನೂ ಆಫ್ ಮಾಡಿದೆ. ಬಂಗುಡೆ ಮೀನು ಹಾಳಾಯ್ತು ಅಂತ ಅಮ್ಮ ಬೈದರು. ಅಮ್ಮನನ್ನು ಚಿಕ್ಕಮ್ಮನ ಮನೆಗೆ ಕಳಿಸಿದೆ."

ಮಾಸ್ತರರ ಮೀಸೆಯಡಿ ನಗು ಸುಳಿಯಿತು. ಜೆನಿಟಾಳಿಗೆ ಅಳುವೇ ಬಂತು. ತನ್ನ ಬದುಕು ಇಲ್ಲಿ ಹೋಗುತ್ತಿದೆ, ಇವರಿಗೆ ನಗು.

"ಈಗ ಮನೆ ನಿಶ್ಶಬ್ದ ಅಲ್ವಾ?"

"ಎಲ್ಲಿ ನಿಶ್ಶಬ್ದ? ನನ್ನ ಉಸಿರೇ ಕೇಳ್ತದೆ. ಆ ನಿಧಾನದ ಭಾಗ ಉಂಟಲ್ಲ, ಅಲ್ಲಿ ಇನ್ನೂ ಜೋರು."

"ಅದಕ್ಕೆ ಎಂತ ಮಾಡಿದೆ?"

ಅವಳು ತಲೆ ತಗ್ಗಿಸಿದಳು.

"ಉಸಿರು ಕಟ್ಟಿ ನುಡಿಸಿದೆ."

ಮಾಸ್ತರರು ಕಣ್ಣು ಮುಚ್ಚಿ ರೆಕಾರ್ಡಿಂಗ್ ಕೇಳಿದರು. ಸ್ವರ ಒಂದೂ ತಪ್ಪಿರಲಿಲ್ಲ. ಬೇರೆ ಸದ್ದು ಹುಡುಕಿದರೂ ಇರಲಿಲ್ಲ.

"ನಿಧಾನದ ಭಾಗದಲ್ಲಿ ಯಾಕೆ ಓಡಿದೆ?"

"ಉಸಿರು ಸಾಲಲಿಲ್ಲ."

ಮಾಸ್ತರರು ಎದ್ದು ಪಿಯಾನೋದ ಮುಂದೆ ಕೂತರು. "ರೆಕಾರ್ಡ್ ಮಾಡು" ಎಂದು ಅದೇ ಭಾಗ ನುಡಿಸತೊಡಗಿದರು. ಅವರಿಗೆ ಹಳೆಯ ಉಬ್ಬಸ. ಒಂದೊಂದು ಸಾಲಿಗೂ ಮುಂಚೆ ಎದೆ ಗೊರಗೊರ ಎನ್ನುತ್ತಿತ್ತು. ಹೊಳೆಯಲ್ಲಿ ದೋಣಿಯೊಂದು ಟುಕುಟುಕು ಸದ್ದು ಮಾಡುತ್ತ ಹೋಯಿತು. ಅವರು ನಿಲ್ಲಿಸಲಿಲ್ಲ.

"ಹಾಕು, ಕೇಳುವ."

ಜೆನಿಟಾ ಹಾಕಿದಳು. ಕೇಳುತ್ತ ಕೇಳುತ್ತ ಫೋನನ್ನು ಕಿವಿಗೆ ಇನ್ನೂ ಹತ್ತಿರ ಹಿಡಿದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ಇದು ಯಾರು ನುಡಿಸಿದ್ದು?" ಎಂದರು ಮಾಸ್ತರರು.

"ನೀವೇ ಅಲ್ವಾ?"

"ಮುಖ ಕಾಣ್ತದಾ ಇದರಲ್ಲಿ?"

"ಇಲ್ಲ. ಆದರೆ ಉಬ್ಬಸ..." ಎಂದವಳು ನಾಲಗೆ ಕಚ್ಚಿಕೊಂಡಳು.

ಮಾಸ್ತರರಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಅವಳ ಗೊಂದಲ ಮಾತ್ರ ಇನ್ನೂ ಹೆಚ್ಚಿತು.

"ಹಾಗಾದರೆ ನಾನೆಂತ ಮಾಡ್ಲಿ ಮಾಸ್ಟ್ರೇ? ಉಸಿರು ಕೇಳಿದರೆ ಅವರು ತಪ್ಪು ಅನ್ನುವುದಿಲ್ವಾ? ನನ್ನದರಲ್ಲಿ ಒಂದು ಸದ್ದೂ ಇಲ್ಲ. ಇದನ್ನೇ ಕಳಿಸಿಬಿಡ್ಲಾ?"

ಮಾಸ್ತರರು ಅವಳ ರೆಕಾರ್ಡಿಂಗನ್ನು ಮತ್ತೊಮ್ಮೆ ಹಾಕಿದರು. ಸ್ವಲ್ಪ ಹೊತ್ತು ಕೇಳಿ, ಫೋನನ್ನು ಅವಳ ಕೈಗಿತ್ತರು.

"ಇದರಲ್ಲಿ ನೀನೂ ಇಲ್ಲ. ಸೀಟು ಅವರು ಯಾರಿಗೆ ಕೊಡ್ಬೇಕು ಮಾರಾಯ್ತಿ?"