ಎರಿಗಳ ನಡುವಿನ ಓಣಿ

ಹುಣಸೆಮರದ ಪೊಟರೆಯಲ್ಲಿ, ಮೇಣದ ಹಲಗೆಗಳಂತೆ ಸಾಲಾಗಿ ತೂಗುವ ಎರಿಗಳ ಮೇಲೆ, ತುಡುವೆ ಜೇನುಗಳ ಊರು ತುಂಬಿ ತುಳುಕುತ್ತಿತ್ತು. ಊರನ್ನು ಬೆಳೆಸುವುದು ಹೇಗೆಂದು ಸಭೆ ಸೇರಿತು. ಗಂಡುಜೇನೊಂದು ಮುಂದೆ ಬಂದು ಹೇಳಿತು: "ಎರಿಗಳ ನಡುವಿನ ಓಣಿಗಳು ಸುಮ್ಮನೆ ಖಾಲಿ ಬಿದ್ದಿವೆ. ಅಲ್ಲೆಲ್ಲ ಮೇಣದ ಮನೆ ಕಟ್ಟಿದರೆ ಊರು ಇಮ್ಮಡಿಯಾಗುತ್ತದೆ."

"ಆ ಓಣಿಗಳಲ್ಲಿ ನಿಂತೇ ನಿನ್ನ ಅಕ್ಕಂದಿರು ಬೇಸಿಗೆಯಿಡೀ ರೆಕ್ಕೆ ಬೀಸಿ ಮರಿಗಳನ್ನು ತಂಪಾಗಿಡುತ್ತಾರೆ," ಎಂದಳು ಮುದಿ ರಾಣಿ. "ಒಂದು ದಿನವೂ ಬೀಸದ ನಿನಗೆ ಅದು ಖಾಲಿಯಾಗಿಯೇ ಕಾಣುತ್ತದೆ."

"ಅಮ್ಮಾ, ಕಾಲ ಬದಲಾಗಿದೆ."

"ಸೆಕೆ ಬದಲಾಗಿಲ್ಲ. ಓಣಿ ಮುಚ್ಚಿದ ಮನೆಗಳಲ್ಲಿ ನಾನು ಒಂದು ಮೊಟ್ಟೆಯನ್ನೂ ಇಡುವುದಿಲ್ಲ."

ಗಂಡುಗಳು ಕೆರಳಿದವು. "ಹಾಗಾದರೆ ಬೇರೆ ರಾಣಿಯನ್ನು ಬೆಳೆಸುತ್ತೇವೆ!"

"ಬೆಳೆಸಿ. ಅವಳೂ ನನ್ನ ಮಗಳೇ. ಈ ಊರನ್ನು ಓಣಿಗಳ ಸಮೇತ ಅವಳಿಗೇ ಬಿಡುತ್ತೇನೆ. ಒಂದೇ ಊರು ಉಬ್ಬಿ ಉಬ್ಬಿ ಎಷ್ಟು ದಿನ ಬಾಳೀತು? ಕೆರೆಯಾಚೆ ಹೊಂಗೆಮರದಲ್ಲಿ ಒಳ್ಳೆಯ ಪೊಟರೆಯಿದೆ. ಅಲ್ಲಿ ಇನ್ನೊಂದು ಊರು ಕಟ್ಟುತ್ತೇನೆ."

"ಈ ವಯಸ್ಸಿನಲ್ಲಿ ಅಷ್ಟು ದೂರ ಹಾರುತ್ತೀರಾ?" ಎಂದು ಗಂಡುಗಳು ನಕ್ಕವು.

ರಾಣಿ ಬಾಗಿಲಿಗೆ ಬಂದು ಹಾರಿಯೇಬಿಟ್ಟಳು. ಅರ್ಧ ಊರು ಹೊಟ್ಟೆತುಂಬ ಜೇನು ಕುಡಿದು ಅವಳ ಹಿಂದೆ ಹೊರಟಿತು.

"ಅಡ್ಡಿ ತೊಲಗಿತು. ಇನ್ನು ಓಣಿ ಮುಚ್ಚಿ," ಎಂದು ಗಂಡುಗಳು ಉಳಿದ ಹೆಣ್ಣುಜೇನುಗಳಿಗೆ ಅಪ್ಪಣೆ ಮಾಡಿದವು.

ಅವು ಓಣಿಗಳಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತಲೇ ಹೇಳಿದವು: "ಮೇಣ ಹುಟ್ಟುವುದು ನಮ್ಮ ಹೊಟ್ಟೆಯಲ್ಲಿ, ತಮ್ಮಾ. ಈ ಕೆಲಸಕ್ಕೆ ಒಂದು ಚೂರೂ ಕೊಡುವುದಿಲ್ಲ."